ಎಸ್, ಕೆ, ಒಟ್ಟು ಐದಕ್ಷರ

ಜುಲೈ 9, ಬುಧವಾರ

ಇಲ್ಲಿಯೂ ಬರೆಯದೇ ಬಿಡೋಣ ಎಂದಿದ್ದೆ. ಬರೆದುಬಿಡುತ್ತೇನೆ — ಪದ ನನಗೆ ಭಾನುವಾರವೇ ಸಿಕ್ಕಿದೆ. SKIES. ಆಕಾಶಗಳು. ಐದಕ್ಷರ, ಎಸ್ ಇದೆ, ಕೆ ಇದೆ, ಬೋಟಿಗೆ ಚೆನ್ನಾಗಿ ಒಪ್ಪುತ್ತದೆ. ಆದರೂ ಇವತ್ತು ಅಣ್ಣ ಫೋನ್ ಮಾಡಿದಾಗ "ಇನ್ನೂ ಹುಡುಕ್ತಾ ಇದ್ದೆ" ಎಂದೆ.

ನನ್ನ ಅಣ್ಣ ಶೇಖರ ಮತ್ತು ಅವನ ಪಕ್ಕದ ಮನೆಯ ಕುಷ್ಟಣ್ಣ ಪಾಲಿನಲ್ಲಿ ಕಟ್ಟಿಸಿದ ಹೊಸ ಬೋಟು ಕೋಡಿಯ ಯಾರ್ಡಿನಲ್ಲಿ ತಯಾರಾಗಿ ನಿಂತಿದೆ. ಹೆಸರಿಲ್ಲ. ಅಣ್ಣನಿಗೆ ಮಾರಣಕಟ್ಟೆ ದೇವರ ಹೆಸರೇ ಆಗಬೇಕು, ಕುಷ್ಟಣ್ಣನಿಗೆ ಕಿರಿಮಂಜೇಶ್ವರದ್ದೇ. ಮೇ ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಕುಷ್ಟಣ್ಣ ಪಾಲು ಬಿಡುತ್ತೇನೆ ಎನ್ನುತ್ತಿದ್ದಾರೆ. ಬಿಟ್ಟರೆ ಬೋಟು ಯಾರ್ಡಿನಲ್ಲೇ ಉಳಿಯುತ್ತದೆ. ಕೊನೆಗೆ ವಂಡ್ಸೆಯ ಜೋಯಿಸರು ದಾರಿ ತೋರಿಸಿದರು: ಯಾವ ದೇವರದ್ದೂ ಬೇಡ, ಇಂಗ್ಲಿಷ್ ಪದ ಇಡಿ. ಶೇಖರನ ಎಸ್, ಕುಷ್ಟನ ಕೆ ಎರಡೂ ಬರಲಿ. ಒಟ್ಟು ಐದಕ್ಷರ.

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು ನಾನೊಬ್ಬಳೇ. ಹಾಗಾಗಿ ನನ್ನ ತಲೆಗೆ.

ಜುಲೈ 10, ಗುರುವಾರ

ಬ್ರಹ್ಮಾವರದ ಬಸ್ಸಿನಲ್ಲಿ ಪದ ಬರೆಯುತ್ತಾ ಹೋದೆ. ಎಸ್ ಮತ್ತು ಕೆ ಜೊತೆಯಾದರೆ ಬೋಟಿಗೆ ಆಗದ್ದೇ ಜಾಸ್ತಿ. SINKS — ಮುಳುಗುತ್ತದೆ. LEAKS — ಸೋರುತ್ತದೆ. STUCK — ಸಿಕ್ಕಿಬಿದ್ದಿದೆ. RISKY — ಅಪಾಯ. ಆಫೀಸಿನ ದಿವ್ಯಾ ಇಣುಕಿ ನೋಡಿ, "ಇನ್ಶೂರೆನ್ಸ್ ಕ್ಲೈಮಾ ಮೇಡಂ?" ಎಂದಳು.

ಸಂಜೆ ಅಣ್ಣ ನನ್ನ ಮನೆಗೆ ಬಂದ. ಹಿಂದೆಯೇ ಕುಷ್ಟಣ್ಣ. ಜಗುಲಿಯ ಆ ತುದಿಗೊಬ್ಬ, ಈ ತುದಿಗೊಬ್ಬರು. ಮಾತೆಲ್ಲ ನನ್ನ ಮೂಲಕ.

"ರಮಿತಾ, ಅವ್ನ್ ಹತ್ರ ಕೇಣ್, SHARK ಆತ್ತಾ ಅಂದೇಳಿ." ಇದು ಅಣ್ಣ.

"ಅವ್ನಿಗೆ ಹೇಳ್ ರಮಿತಾ, ಬಲೆ ಹರಿದ್ ಹಾಕು ಮೀನಿನ ಹೆಸ್ರ್ ಇಡುಕೆ ನಂಗೆ ಮಂಡೆ ಕೆಟ್ಟಿಲ್ಲೆ."

ಆಚೆ ಈಚೆ ತಿರುಗಿ ನನಗೆ ಕತ್ತು ನೋವು.

ಜುಲೈ 13, ಭಾನುವಾರ

ಇವತ್ತು LEAKS ಓದಿ ಅರ್ಥ ಹೇಳಿದೆ. ಕುಷ್ಟಣ್ಣ ತಡೆಯಲಾರದೆ ಸೀದಾ ಅಣ್ಣನಿಗೇ — "ಹ್ವಾಯ್, ನಿನ್ ಹಳೆ ಬೋಟಿಗೆ ಸಮಾ ಆತಿತ್ ಮಾರಾಯಾ!"

ಅಣ್ಣ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಮೇ ತಿಂಗಳ ನಂತರ ಮೊದಲ ನೇರ ಮಾತು! ಆಮೇಲೆ ಚಾ, ಇನ್ನೊಂದು ಚಾ... ವನಜ ಅತ್ತಿಗೆ ಫೋನ್ ಮಾಡಿ, "ನೀ ಬೇಗ ಪದ ಕೊಡ್ಬ್ಯಾಡ ಹೆಣೆ, ನಿನ್ನಣ್ಣ ಮನೆಲಿ ಹಾಡ್ ಹೇಳುಕೆ ಸುರು ಮಾಡಿರ್" ಎಂದರು. ತಮಾಷೆಗೆ ಅಂದದ್ದು. ಗೊತ್ತಾಗಿಯೇ ಬಿಟ್ಟಿತೇನೋ ಎಂದುಕೊಂಡೆ.

SKIES ಹೇಳಿದ್ದರೆ ಈ ಸಂಜೆ ಸಿಗುತ್ತಿರಲಿಲ್ಲ. ಹೆಸರು ಬರೆಸಿ, ಮತ್ತೆ ಮುಖ ತಿರುಗಿಸಿಕೊಂಡು ಒಂದೇ ಬೋಟು ಹತ್ತುತ್ತಿದ್ದರು. ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಜಕ್ಕೂ ಅವರಿಗಾಗಿಯೋ, ನನಗಾಗಿಯೋ? ಕಡಲಿನ ವಿಷಯಕ್ಕೆ ಅಣ್ಣ ನನ್ನನ್ನು ಯಾವತ್ತೂ ಕೇಳಿದವನಲ್ಲ. ಈಗ ದಿನಾ ಬರುತ್ತಾನೆ.

ಜುಲೈ 20, ಭಾನುವಾರ

ಒಂದು ವಾರ ಬರೆಯಲಿಲ್ಲ. ದಿನಾ ಜಗುಲಿ, ದಿನಾ ನಗು.

ಇವತ್ತು ಪೇಂಟರ್ ದೇವು ಬಂದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಕಡಲು ತೆರೆಯುತ್ತದೆ, ಈ ವಾರ ಹೆಸರು ಕೊಡದಿದ್ದರೆ ತನ್ನಿಂದಾಗದು ಎಂದ. ಕುಷ್ಟಣ್ಣನ ಮುಖ ಸಣ್ಣದಾಯಿತು. "ಹೆಸ್ರೇ ಸಿಕ್ದಿರೆ ಈ ಪಾಲ್ ನಮ್ಗೆ ಇಲ್ಲೆ ಅಂದೇಳಿ ಲೆಕ್ಕ" ಎಂದರು. ಇಬ್ಬರೂ ಚಾ ಕುಡಿಯದೇ ಎದ್ದು ಹೋದರು.

ಆಟ ಸಾಕು. ನಾಳೆ ಹೇಳಿಬಿಡುತ್ತೇನೆ.

ಜುಲೈ 21, ಸೋಮವಾರ

ಸಂಜೆ ಯಾರೂ ಬರಲಿಲ್ಲ. ಕಾದೆ. ತಡ ಮಾಡಿ ನಾನೇ ಎಲ್ಲ ಹಾಳು ಮಾಡಿದೆನಾ? ಅತ್ತಿಗೆಗೆ ಫೋನ್ ಮಾಡಿದೆ.

"ಇಬ್ರೂ ಕತ್ತಿ ಹಿಡ್ಕಂಡ್ ಹೋಯಿರ್."

"ಕತ್ತಿಯಾ!"

"ಬನದ ದಾರಿ ಸವ್ರುಕೆ ಮಾರಾಯ್ತಿ! ನಾಗರ ಪಂಚಮಿ ಬಂತಲ್ದಾ?"

ಎರಡು ಮನೆಯ ನಡುವೆ ಇರುವುದು ಒಂದೇ ನಾಗಬನ. ಪಂಚಮಿಯ ಮುಂಚೆ ಎರಡೂ ಮನೆಯವರು ಸೇರಿಯೇ ದಾರಿ ಬಿಡಿಸಬೇಕು. ಮಾತು ಬಿಟ್ಟರೂ ಅದನ್ನು ಬಿಡುವಂತಿಲ್ಲ.

ಕತ್ತಲಾಗುವಾಗ ಇಬ್ಬರೂ ಬಂದರು. ಕಾಲೆಲ್ಲ ಕೆಸರು.

"ರಮಿತಾ, ನಾಗನಿಗೆ ಇಂಗ್ಲಿಷಲ್ಲಿ ಎಂತ ಹೇಳ್ತ್ರ್?" ಅಣ್ಣ ಕೇಳಿದ.

"ಸ್ನೇಕ್."

"ಅಕ್ಷರ ಹೇಳ್, ಅಕ್ಷರ!"

ಒಂದೊಂದೇ ಹೇಳಿದೆ. ಕುಷ್ಟಣ್ಣ ಬೆರಳು ಮಡಚುತ್ತಾ ಹೋದರು. ಐದನೆಯದಕ್ಕೆ ಮುಷ್ಟಿಯಾಯಿತು. ಅದೇ ಮುಷ್ಟಿಯಲ್ಲಿ ಅಣ್ಣನ ಬೆನ್ನಿಗೆ ಒಂದು ಗುದ್ದಿದರು. "ಎಸ್ಸೂ ಇತ್, ಕೆಯೂ ಇತ್!"

"ಇಷ್ಟ್ ದಿನ ನೀ ಎಂತ ಹುಡ್ಕಿದ್ದ್ ಹೆಣೆ?" ಅಣ್ಣ.

ದೇವರ ಹೆಸರು ಬೇಡವೆಂದು ಇಂಗ್ಲಿಷಿಗೆ ಹೋದವರು, ಇಂಗ್ಲಿಷಿನಲ್ಲೂ ದೇವರನ್ನೇ ಹುಡುಕಿ ತಂದಿದ್ದಾರೆ. ಅದೂ ಇಬ್ಬರಿಗೂ ಸೇರಿದ ದೇವರು. ಆದರೂ ನನಗೆ ಸುಮ್ಮನಿರಲಾಗಲಿಲ್ಲ. "ಇಂಗ್ಲಿಷ್‌ನವರು ಮೋಸಗಾರನಿಗೂ ಸ್ನೇಕ್ ಅಂತಾರೆ ಅಣ್ಣ..."

"ಇಂಗ್ಲಿಷ್‌ನವ್ರ್ ನಮ್ ಬೋಟಿಗೆ ಬಪ್ಪುದಿತ್ತಾ?" ಎಂದರು ಕುಷ್ಟಣ್ಣ.

SKIES ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿದೆ. ಬೇಸರವಾಯಿತೇ? ಸ್ವಲ್ಪ. ಅದು ಚಂದದ ಪದ. ಆದರೆ ನನ್ನೊಬ್ಬಳದ್ದು.

ಜುಲೈ 26, ಶನಿವಾರ

ಯಾರ್ಡಿಗೆ ಹೋಗಿದ್ದೆ. ಬೋಟಿನ ಮೂತಿಯ ಎರಡೂ ಬದಿ ಹಳದಿ ಬಣ್ಣದಲ್ಲಿ SNAKE. ಯಾರೂ ಹೇಳದೇ ದೇವು ಮೇಲೊಂದು ಹೆಡೆಯನ್ನೂ ಬರೆದಿದ್ದಾನೆ. ನೋಡಿದ ಇಂಗ್ಲಿಷ್ ಟೀಚರ್ ಯಾರಾದರೂ ಓಡಿಹೋಗಬೇಕು. ನನಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ.

ಕೆಳಗೆ ಆ ಇಬ್ಬರ ಜಗಳ ಜೋರು. ತೆಂಗಿನಕಾಯಿ ಯಾರು ಒಡೆಯುವುದು?

"ನಾ ಹಿರಿಯ."

"ನೀ ಹಿರಿಯ ಆದ್ದ್ ಹೊಟ್ಟೆಲಿ ಮಾತ್ರ!"

ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಒಬ್ಬರ ಮುಖಕ್ಕೆ ಒಬ್ಬರು ಬೈಯುತ್ತಿದ್ದರು. ಎಷ್ಟು ಚಂದ ಕೇಳಿಸಿತು!

ಫೋಟೊ ತೆಗೆದೆ. ಮನೆಯವರ ಗ್ರೂಪಿಗೆ ಹಾಕುವ ಕೆಲಸ ನನ್ನದು. ಪಂಚಮಿ ದಿನ ನಾಗನಿಗೆ ಹಾಲು-ಸೀಯಾಳದ ತನು ಎರೆಯುವ ಮೊದಲು ಯಾರಿಗೂ ತೋರಿಸಬಾರದಂತೆ. ಇದನ್ನು ಮಾತ್ರ ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಹಾಗಾದರೆ ಹಾಕುವುದು — ಮಂಗಳವಾರ, ಜುಲೈ 29.