ಹನ್ನೊಂದನೆಯ ತಪ್ಪು

ಪೂಜ್ಯ ಮೇಷ್ಟ್ರಿಗೆ,

ಈ ಸಂಬೋಧನೆಯ ಮುಂದೆ ಅಲ್ಪವಿರಾಮ ಹಾಕಬೇಕೋ ಬೇಡವೋ ಎಂದು ಐದು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಹಾಕಿದೆ. ಹಾಕಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆರು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ, ಅದೂ ಕ್ಷಮೆ ಕೇಳುವುದಕ್ಕೆ. ಆಗಲೂ ನನ್ನ ಕಣ್ಣು ಹೋಗುವುದು ಚಿಹ್ನೆಯ ಮೇಲೆಯೇ. ನಾಯಿ ಬಾಲ ಡೊಂಕು ಎಂದು ನೀವು ನಗಬಹುದು. ನಕ್ಕರೆ ನನ್ನ ಪುಣ್ಯ.

ನಿಮಗೆ ನೆನಪಿದೆಯಲ್ಲವೇ, ಕಂಪನಿಗಳ, ಇಲಾಖೆಗಳ ಇಂಗ್ಲಿಷ್ ವರದಿಗಳನ್ನು ತಿದ್ದಿ ಅಚ್ಚಿಗೆ ಕಳಿಸುವ ನಮ್ಮ ಆ ಎರಡನೆಯ ಮಹಡಿಯ ಕೋಣೆ? ಒಂದು ಉದ್ದ ಮೇಜು, ಆ ಬದಿ ನೀವು, ಈ ಬದಿ ನಾನು. ನಾನು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ನೀವು ಕರಡನ್ನು ನೋಡಬೇಕು. ಬರೀ ಪದ ಓದಿದರೆ ಸಾಲದು. ‘ಕಾಮಾ’, ‘ಫುಲ್‌ಸ್ಟಾಪ್’, ‘ಕ್ಯಾಪಿಟಲ್’ ಎಂದು ಪ್ರತಿ ಚಿಹ್ನೆಯನ್ನೂ ಬಾಯಿಬಿಟ್ಟು ಹೇಳಬೇಕು. ಅರ್ಥ ತಿಳಿಯದೆ ಒದರುತ್ತಿದ್ದ ನನಗೆ ನೀವಿಟ್ಟ ಹೆಸರು ಗಿಳಿ. ಒಂದು ದಿನ ಮನೆಯಲ್ಲಿ ಅಪ್ಪನ ಮುಂದೆ ‘ನೀರು ಕೊಡು ಫುಲ್‌ಸ್ಟಾಪ್’ ಎಂದುಬಿಟ್ಟೆ. ಕೆಲಸಕ್ಕೆ ಸೇರಿ ಎರಡೇ ತಿಂಗಳಿಗೆ ಹುಡುಗನಿಗೆ ತಲೆ ಕೆಟ್ಟಿತು ಎಂದು ಅಪ್ಪ ಗಾಬರಿಯಾದರು. ಮಾರನೆಯ ದಿನ ಅದನ್ನು ಕೇಳಿ ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಿರಿ.

ಇಪ್ಪತ್ತು ವರ್ಷ ಒಂದು ನೋಟುಬುಕ್ಕಿನಲ್ಲಿ ನೀವು ಬರೆದಿಟ್ಟ ನಿಯಮಗಳೇ ಮುಂದೆ ನಮ್ಮ ಕಚೇರಿಯ ಕೈಪಿಡಿಯಾಗಿ ಅಚ್ಚಾದವು. ಹತ್ತರೊಳಗಿನ ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯಬೇಕು. ಹುದ್ದೆಯ ಹೆಸರಿಗೆ ಎಲ್ಲಿ ದೊಡ್ಡಕ್ಷರ, ಎಲ್ಲಿ ಸಣ್ಣದು. ಹೆಸರು ಗೊತ್ತಿದ್ದವರಿಗೆ ಬರೆದ ಪತ್ರವನ್ನು ಹೇಗೆ ಮುಗಿಸಬೇಕು, ಗೊತ್ತಿಲ್ಲದವರಿಗೆ ಹೇಗೆ. ಆದರೆ ಮೊದಲ ಪುಟದ ಮೊದಲ ನಿಯಮಕ್ಕೂ ಚಿಹ್ನೆಗೂ ಸಂಬಂಧವೇ ಇರಲಿಲ್ಲ. ‘ಮೊದಲ ಸಲ ಪೆನ್ಸಿಲ್ ಕಿವಿಯ ಮೇಲಿರಲಿ. ಸುಮ್ಮನೆ ಓದು. ಎರಡನೆಯ ಸಲ ತಿದ್ದು.’ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಗಿಳಿಯಲ್ಲವೇ, ಬಾಯಿಪಾಠಕ್ಕೇನು ಕಡಿಮೆ!

ಇನ್ನು ಅಮ್ಮನ ಮಾತು, ನಿಮ್ಮ ಮನೆಯವರನ್ನು ನಾನು ಹಾಗೆಯೇ ಕರೆಯುತ್ತಿದ್ದೆನಲ್ಲ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಊಟದ ಡಬ್ಬಿ ಹಿಡಿದು, ಏನೋ ಗುನುಗುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು. ಡಬ್ಬಿಯಲ್ಲಿ ನನಗೂ ಒಂದು ಪಾಲು ಇದ್ದೇ ಇರುತ್ತಿತ್ತು. ನನ್ನ ಬಡ್ತಿಯ ಸಂದರ್ಶನದ ದಿನ ಕೋಟಿನ ಗುಂಡಿ ಕಿತ್ತುಹೋದಾಗ, ಕೋಟು ನನ್ನ ಮೈಮೇಲಿದ್ದ ಹಾಗೆಯೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ‘ಹೋಗಪ್ಪಾ, ಈಗ ಮ್ಯಾನೇಜರ್ ಥರಾ ಕಾಣ್ತೀಯ’ ಎಂದು ಬೆನ್ನು ತಟ್ಟಿದ್ದರು. ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ, ಅಲ್ಪವಿರಾಮದ ಉದಾಹರಣೆಗೆಂದು ನೀವು ಕೊಟ್ಟ ವಾಕ್ಯ ಅವರದೇ. ಕನ್ನಡದಲ್ಲಿ ಹೇಳಿದರೆ ಹೀಗೆ: ‘ನನ್ನ ಹೆಂಡತಿ, ಅಡುಗೆ ಮಾಡುವಾಗಲೂ ಹಾಡುವವಳು, ಒಂದು ದಿನವೂ ತಡ ಮಾಡುವುದಿಲ್ಲ.’ ನೀವು ಅದನ್ನು ತೋರಿಸಿದಾಗ ಅಮ್ಮ, ‘ಅಲ್ರೀ, ಎರಡು ಕಾಮಾ ಮಧ್ಯೆ ನನ್ನನ್ನ ಕೂರಿಸಿಬಿಟ್ರಲ್ಲ, ಈಚೆ ಬರೋದು ಹೇಗೆ?’ ಎಂದಿದ್ದರು.

ನೀವು ನಿವೃತ್ತರಾದಿರಿ. ನಿಮ್ಮ ಕುರ್ಚಿಗೆ ನಾನು ಬಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಲ್ಲೇ ಹಿಡಿದೆ. ನಿಜ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೊಂದು ಸಣ್ಣ ಸಿಟ್ಟಿತ್ತು. ಒಮ್ಮೆ ನಿರ್ದೇಶಕರ ಎದುರಿಗೇ ನನ್ನ ಟಿಪ್ಪಣಿಯಲ್ಲಿ ಐದು ತಪ್ಪು ತೋರಿಸಿ, ‘ಗಿಳಿ ಇನ್ನೂ ಹಾರೋದು ಕಲೀಬೇಕು’ ಎಂದಿದ್ದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತನ್ನು ಮರೆಯಲಿಲ್ಲ.

ಎರಡು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಕೈಪಿಡಿಯ ವಿಷಯವಾಗಿ ಕಚೇರಿಗೆ ಬರೆಯುವ ಕಾಗದವೆಂದು ಇಂಗ್ಲಿಷಿನಲ್ಲೇ ಬರೆದಿದ್ದಿರಿ. ಒಂದೇ ಪುಟ. ತೆರೆದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು, ಎರಡನೆಯ ಸಾಲಿನ ಕೊನೆಯಲ್ಲಿ ಫುಲ್‌ಸ್ಟಾಪ್ ಇಲ್ಲ! ಆಮೇಲೆ ಇನ್ನೊಂದು. ಮತ್ತೊಂದು. ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ಮೊದಲಿಗೆ ‘ಪ್ರೀತಿಯ ಗಿಳಿಗೆ’ ಎಂದಿದ್ದಿರಿ, ಕಚೇರಿಯ ಪತ್ರದಲ್ಲಿ ಅಡ್ಡಹೆಸರು ಸಲ್ಲದು ಎಂದು ಅದನ್ನು ಹೊಡೆದು ನನ್ನ ಹುದ್ದೆಯನ್ನು ಬರೆದೆ. ಅದು ಒಂದನೆಯ ತಪ್ಪು. ಕೊನೆಗೆ ‘ಪ್ರೀತಿಯಿಂದ’ ಎಂದು ಮುಗಿಸಿದ್ದಿರಿ, ಅದನ್ನೂ ಹೊಡೆದು ‘ತಮ್ಮ ವಿಧೇಯ’ ಎಂದು ಬರೆದೆ. ಅದು ಹನ್ನೊಂದನೆಯದು. ಮೊಸರಲ್ಲಿ ಕಲ್ಲು ಹುಡುಕುವವನಿಗೆ ಹನ್ನೊಂದು ಕಲ್ಲು ಸಿಕ್ಕಿದ್ದವು. ಒಂದು ನಕಲು ತೆಗೆದಿಟ್ಟುಕೊಂಡು, ‘ದಯವಿಟ್ಟು ಕೈಪಿಡಿ ನೋಡಿ’ ಎಂಬ ಚೀಟಿ ಲಗತ್ತಿಸಿ ಮೂಲವನ್ನು ನಿಮಗೇ ವಾಪಸು ಕಳಿಸಿದೆ. ತಮಾಷೆ ಮಾಡಿದೆ ಎಂದುಕೊಂಡೆ. ನಿಮ್ಮಿಂದ ಉತ್ತರ ಬರಲಿಲ್ಲ. ಮೇಷ್ಟ್ರಿಗೆ ಚುರುಕು ಮುಟ್ಟಿತು ಎಂದು ಒಳಗೊಳಗೇ ಹಿಗ್ಗಿದೆ.

ಇಷ್ಟಕ್ಕೇ ನಿಂತಿದ್ದರೆ ಒಂದು ಪಾಪ. ನಿಮ್ಮ ಹೆಸರು, ವಿಳಾಸ ಮುಚ್ಚಿ, ನನ್ನ ಕೆಂಪು ಗುರುತುಗಳನ್ನು ಅಳಿಸಿ, ಆ ಕಾಗದವನ್ನು ಹೊಸದಾಗಿ ಸೇರುವವರ ಪರೀಕ್ಷೆಯ ಹಾಳೆ ಮಾಡಿದೆ. ಆರು ವರ್ಷದಲ್ಲಿ ಮೂವತ್ತು ಜನ ಬರೆದಿರಬೇಕು. ಒಂಬತ್ತು ತಪ್ಪು ಹಿಡಿದವರು ಪಾಸು. ಹನ್ನೊಂದೂ ಹಿಡಿದವರಿಗೆ ನನ್ನ ಶಹಬ್ಬಾಸ್. ಅವರಾದರೂ ಅದು ಯಾರೋ ಪರೀಕ್ಷೆಗೆಂದು ಕಟ್ಟಿದ ಕಾಗದ ಎಂದುಕೊಂಡಿದ್ದರು. ಪರೀಕ್ಷೆಯ ಹಾಳೆಯಲ್ಲಿ ಸತ್ತವರಿಗೆ ಯಾರು ಅಳುತ್ತಾರೆ? ನನಗೆ ಆ ನೆಪವೂ ಇಲ್ಲ.

ಕಳೆದ ಸೋಮವಾರ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬಂದಳು. ಹಾಳೆ ತಂದು ಮೇಜಿನ ಮೇಲಿಟ್ಟಳು, ಆದರೆ ಹೋಗಲಿಲ್ಲ. ‘ಸರ್, ಹತ್ತು ತಪ್ಪು ಸಿಕ್ತು. ಆದ್ರೆ ಒಂದು ಕೇಳ್ಬೇಕಿತ್ತು. ಈ ಕಾಗದ ಬರೆದವರು ತೆಗೀರಿ ಅಂದ ವಾಕ್ಯ ತೆಗೆದ್ರಾ?’ ಎಂದಳು. ಯಾವ ವಾಕ್ಯ ಎಂದೆ. ‘ಹೆಂಡತಿ ತೀರ್ಕೊಂಡು ಮೂರು ತಿಂಗಳಾಯ್ತು, ಪುಸ್ತಕದಲ್ಲಿ ಅವಳು ಇನ್ನೂ ಹಾಡ್ತಾ ಇದ್ದಾಳೆ, ನೋಡೋಕಾಗ್ತಿಲ್ಲ, ಮುಂದಿನ ಮುದ್ರಣದಲ್ಲಿ ತೆಗೆದುಬಿಡು ಅಂತ ಬರ್ದಿದ್ದಾರಲ್ಲ ಸರ್. ಈಗ್ಲೇ ಹೊರಗೆ ಕೈಪಿಡಿ ತೆಗೆದು ನೋಡ್ದೆ. ಹದಿನಾಲ್ಕನೇ ಪುಟದಲ್ಲಿ ಇನ್ನೂ ಇದೆ.’

ಮೇಷ್ಟ್ರೇ, ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವಳು ಹೋದ ಮೇಲೆ ಬೀರುವಿನಿಂದ ನಾನು ತಿದ್ದಿದ ನಕಲು ತೆಗೆದೆ. ಅಮ್ಮ ಹೋದರು ಎಂದು ನೀವು ಬರೆದ ಆ ಸಾಲಿನಲ್ಲಿಯೇ ನನ್ನ ಎರಡು ಗುರುತುಗಳಿವೆ, ಆರನೆಯ ತಪ್ಪು ಮತ್ತು ಏಳನೆಯ ತಪ್ಪು. ಅಚ್ಚುಕಟ್ಟಾಗಿ ಅಲ್ಪವಿರಾಮ ಸೇರಿಸಿದ್ದೇನೆ. ನನ್ನ ಕೋಟಿನ ಗುಂಡಿ ಹೊಲಿದವರು ಸತ್ತ ಸುದ್ದಿಯನ್ನು ತಿದ್ದಿ, ಸತ್ತವರ ಗಂಡನಿಗೇ ವಾಪಸು ಕಳಿಸಿದ್ದೇನೆ. ನಿಮ್ಮಂಥವರ ಕಾಗದದಲ್ಲಿ ಹನ್ನೊಂದು ತಪ್ಪು ಕಂಡರೆ, ಅಯ್ಯೋ ಮನೆಯಲ್ಲಿ ಏನೋ ಆಗಿದೆ ಎಂದು ನಾನು ಬಿದ್ದಂಬೀಳ ಓಡಿ ಬರಬೇಕಿತ್ತು. ನನಗೆ ಖುಷಿಯಾಗಿತ್ತು.

ಮಂಗಳವಾರ ಆ ಹುಡುಗಿಯನ್ನೂ ಕರೆಸಿ, ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ನಿಮ್ಮ ಕಾಗದವನ್ನು ಓದಿದೆ. ಕಾಮಾ, ಫುಲ್‌ಸ್ಟಾಪ್ ಏನೂ ಹೇಳದೆ, ಸುಮ್ಮನೆ ಓದಿದೆ. ನಾಲ್ಕನೆಯ ಸಾಲಿಗೆ ಕಾಗದವನ್ನು ಹುಡುಗಿಯ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳೇ ಓದಿ ಮುಗಿಸಿದಳು. ಇದು ಯಾರ ಕಾಗದ, ನಾನು ಏನು ಮಾಡಿದೆ ಎಂಬುದನ್ನೂ ಹೇಳಿದೆ. ಯಾರಾದರೂ ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಪರೀಕ್ಷೆಯ ಹಾಳೆಗಳನ್ನೆಲ್ಲ ಹರಿದೆ. ಹುಡುಗಿಗೆ ಕೆಲಸ ಕೊಟ್ಟೆ.

ಕೈಪಿಡಿಯ ಹೊಸ ಮುದ್ರಣ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಹದಿನಾಲ್ಕನೆಯ ಪುಟದಿಂದ ಆ ವಾಕ್ಯವನ್ನು ತೆಗೆದಿದ್ದೇನೆ. ಅಲ್ಲೊಂದು ಸಾಲಿನ ಜಾಗ ಖಾಲಿ ಇದೆ. ಬೇರೆ ಉದಾಹರಣೆ ಕೊಡಿ ಸರ್ ಎಂದು ಹುಡುಗರು ಕೇಳುತ್ತಿದ್ದಾರೆ. ನಾನು ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರಡು ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ನಾನು ಓದುತ್ತೇನೆ, ನೀವು ನೋಡಿ. ಆ ಜಾಗಕ್ಕೆ ಏನು ಬರಬೇಕು, ಅಥವಾ ಏನೂ ಬರಬಾರದೇ ಎಂಬುದನ್ನು ನೀವೇ ಹೇಳಿ. ಬಾಗಿಲು ತೆಗೆಯದಿದ್ದರೂ ನಿಮ್ಮ ತಪ್ಪಲ್ಲ. ಕರಡನ್ನು ಹೊಸಿಲ ಮೇಲಿಟ್ಟು ವಾಪಸಾಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ.

ಒಂದೇ ಒಂದು ಬೇಡಿಕೆ. ನಾನು ಕೆಂಪು ಮಾಡಿ ಕಳಿಸಿದ ಆ ಕಾಗದ ನಿಮ್ಮಲ್ಲಿ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಮೊದಲ ವಾರದಲ್ಲೇ ನೀವು ಹೇಳಿಕೊಟ್ಟಿದ್ದಿರಿ: ಸರಿಯಾಗಿದ್ದ ಪದವನ್ನು ದುಡುಕಿ ಹೊಡೆದುಹಾಕಿದರೆ, ಅದರ ಕೆಳಗೆ ಸಾಲಾಗಿ ಚುಕ್ಕೆ ಇಡಬೇಕು. ಇದು ಹಾಗೆಯೇ ಇರಲಿ, ತಪ್ಪು ನನ್ನದು ಎಂದು ಅದರ ಅರ್ಥ. ‘ತಿದ್ದೋನಿಗೂ ತಪ್ಪು ಒಪ್ಕೊಳ್ಳೋಕೆ ಒಂದು ಗುರುತು ಬೇಕಲ್ಲಪ್ಪಾ’ ಎಂದಿದ್ದಿರಿ. ಆ ಕಾಗದದಲ್ಲಿ ನಾನು ಚುಕ್ಕೆ ಇಡಬೇಕಾದ ಪದಗಳು ಎರಡಿವೆ. ಒಂದು ಮೇಲೆ, ಒಂದು ಕೆಳಗೆ.

ನಿಮ್ಮ ಆರೋಗ್ಯ ಚೆನ್ನಾಗಿರಲಿ ಮೇಷ್ಟ್ರೇ. ಒಬ್ಬರೇ ಇದ್ದೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಪ್ರೀತಿಯಿಂದ
ನಿಮ್ಮ ಗಿಳಿ