ಎಡಕ್ಕೆ ಓರೆಯಾಗಿಟ್ಟ ತುತ್ತು

ಜೂನ್ 1, ಶನಿವಾರ

ತಿಂಗಳ ಮೊದಲ ಶನಿವಾರ. ಮಾಮೂಲಿನಂತೆ ಅಬಿಡ್ಸ್ ಪೇಟೆ. ಪೋಸ್ಟ್ ಆಫೀಸಿನ ಎದುರು ಉಪೇಂದ್ರ ಮೊದಲೇ ಬಂದು ನಿಂತಿದ್ದ. ಹೊಸ ಅರಬ್ಬಿ ಹೋಟೆಲು. ಒಂದೇ ದೊಡ್ಡ ತಟ್ಟೆಯಲ್ಲಿ ಇಬ್ಬರಿಗೂ ಅನ್ನ, ಕುರಿ. ಕುರಿ ಚೆನ್ನಾಗಿ ಬೆಂದಿತ್ತು. ಅನ್ನ ಸಪ್ಪೆ.

ಕಾಲೇಜಿನ ದಿನದಿಂದ ನಮ್ಮ ನಿಯಮ ಒಂದೇ — ಹೊಸ ಜಾಗ, ಹೊಸ ತಿನಿಸು ಅಂದರೆ ಮೊದಲ ತುತ್ತು ಇಬ್ಬರೂ ಕೂಡಿಯೇ. ಒಬ್ಬನೇ ಹೋಗುವಂತಿಲ್ಲ. ಇಬ್ಬರ ಮನೆಯಲ್ಲೂ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಹೊರಗೆ ತಿನ್ನುವುದನ್ನೆಲ್ಲ ಹೀಗೆ ಜೊತೆಯಲ್ಲಿ ಕಲಿತದ್ದು.

ವೇಟರ್‌ಗೆ ಉಪೇಂದ್ರನ ಮೊದಲ ಬಿರಿಯಾನಿಯ ಕಥೆ ಹೇಳಿದೆ. ಎರಡನೇ ತುತ್ತಿಗೆ ಎದ್ದು ಓಡಿದ್ದು, ಬಾಗಿಲು ಮುಟ್ಟುವ ಮೊದಲೇ ಮ್ಯಾನೇಜರನ ಚಪ್ಪಲಿ ಮೇಲೆ ಕಕ್ಕಿದ್ದು. ವೇಟರ್ ಬಿದ್ದು ಬಿದ್ದು ನಕ್ಕ. ಉಪೇಂದ್ರನೂ ನಕ್ಕ.

“ಲೇ ಯಶವಂತ, ಆ ಚಪ್ಪಲಿ ಸವದು ಹೋಗಿ ಮೂವತ್ತು ವರ್ಷ ಆತು. ನೀ ಇನ್ನೂ ಒರಸಾಕತ್ತೀಯಲ್ಲೋ.”

ಜುಬಿಲಿ ಹಿಲ್ಸ್‌ನಲ್ಲಿ ಸುಶಿ ಹೋಟೆಲು ಒಂದು ಇದೆಯಂತೆ. ಒಮಕಾಸೆ ಎನ್ನುತ್ತಾರೆ. ಮೆನು ಇಲ್ಲ. ಹತ್ತಾರು ಜನ ಕೌಂಟರಿಗೆ ಕೂರುವುದು, ಎದುರಿಗೇ ಚೆಫ್ ಒಂದೊಂದು ತುತ್ತು ಮಾಡಿ ಇಡುವುದು, ಇಟ್ಟದ್ದನ್ನು ತಿನ್ನುವುದು. ಹಸಿ ಮೀನು. ಉಪೇಂದ್ರನಿಗೆ ಹೇಳಿದವನು ಹೇಮಂತ — ಕೂಕಟ್‌ಪಲ್ಲಿಯಲ್ಲಿ ಅವನ ಮೇಲಿನ ಫ್ಲ್ಯಾಟಿಗೆ ಬಂದ ಮೈಸೂರಿನ ಹುಡುಗ, ಐಟಿ. ಆಗಸ್ಟಿಗೆ ಬುಕ್ ಮಾಡೋಣ ಎಂದೆ. ಆಗಲಿ ಎಂದ.

ಮನೆಗೆ ಬಂದು ಹೆಂಡತಿ ಶುಭಾಗೆ ಹೇಳಿದೆ.

“ಬಡಿಸಿದ್ದು ಸುಮ್ನ ತಿನ್ನಾಕ ಅಷ್ಟು ದೂರ ಯಾಕ ಹೋಗ್ತೀರಿ? ಮನ್ಯಾಗ ದಿನಾ ಅದ ನಡದೈತಲ್ರಿ.”

ಜೂನ್ 13, ಗುರುವಾರ

ಬೆಂಕಿ ಬಿದ್ದ ಗೋದಾಮಿನ ಸರ್ವೇ. ವಿಮೆ ಕಂಪನಿಗೆ ವರದಿ ನಾಳೆ ಹೋಗಬೇಕು. ಅಂಗಿಯಿಂದ ಇನ್ನೂ ಸುಟ್ಟ ಹತ್ತಿಯ ವಾಸನೆ.

ಸಂಜೆ ಉಪೇಂದ್ರನ ಫೋನು. ಹೇಮಂತ ಚಾಪ್‌ಸ್ಟಿಕ್ ಹಿಡಿಯುವುದು ಕಲಿಸಿದನಂತೆ. ಹೇಮಂತ ಯಾವುದೋ ಹೊಸ ಕಾಫಿ ಕುಡಿಸಿದನಂತೆ. ಕಾಫಿ ಕುಡಿಯಲೂ ಗುರು ಬೇಕೇ? ಆ ಹೆಸರು ಎಷ್ಟು ಸಲ ಬಂತು ಎಂದು ಎಣಿಸಬಾರದು ಅಂದುಕೊಂಡೆ. ಎಣಿಸಿದೆ.

“ಯಾಕ್ರಿ, ಸವತಿ ಬಂದಂಗ ಮಾರಿ ಮಾಡೀರಿ?” — ಶುಭಾ.

ಅಂಗಿ ಬದಲಿಸಲು ಒಳಗೆ ಹೋದೆ.

ಜುಲೈ 6, ಶನಿವಾರ

ಮೊದಲ ಶನಿವಾರ. ಹೊರಡುವ ಹೊತ್ತಿಗೆ ಉಪೇಂದ್ರನ ಫೋನು.

“ಹೊಟ್ಟಿ ಸರಿ ಇಲ್ಲೋ. ಇವತ್ತ ಬ್ಯಾಡ.”

ಅವನು ತಪ್ಪಿಸಿದ್ದು ನೆನಪಿಲ್ಲ. ಮಗಳ ಮದುವೆಯ ತಿಂಗಳಲ್ಲೂ ಬಂದಿದ್ದ. ಮಜ್ಜಿಗೆಗೆ ಹುರಿದ ಜೀರಿಗೆ ಹಾಕಿಕೊಂಡು ಕುಡಿ ಎಂದೆ. ಹೂಂ ಎಂದ. ಹಿಂದೆ ಯಾರೋ ನಕ್ಕಂತೆ ಕೇಳಿತು. ಟಿವಿ ಇರಬೇಕು.

ಮನೆಯಲ್ಲೇ ಊಟ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ.

ಜುಲೈ 18, ಗುರುವಾರ

ಉಪೇಂದ್ರ ಹಿಮಾಯತ್‌ನಗರದ ನನ್ನ ಆಫೀಸಿಗೆ ಬಂದಿದ್ದ. ಕೆಳಗೆ ಇರಾನಿ ಚಹಾ.

“ಸುಶಿ ಕಡದು ಅರ್ಧ ಇಡಬಾರದಂತಲೇ. ಕೈಲೇ ತಗೊಂಡ್ರೂ ನಡೀತೈತಿ, ಆದ್ರ ಒಂದ ಸಲಕ್ಕ ಬಾಯಾಗ ಹೋಗಬೇಕು. ಹಿಂಗ.”

ಇಡೀ ಉಸ್ಮಾನಿಯಾ ಬಿಸ್ಕತ್ತನ್ನು ಬಾಯಿಗೆ ತುರುಕಿ ತೋರಿಸಿದ. ಪುಡಿಯೆಲ್ಲ ನನ್ನ ಫೈಲಿನ ಮೇಲೆ.

“ಯಾರು ಹೇಳಿದ್ರು?”

ಬಾಯಿ ಖಾಲಿಯಾಗುವ ತನಕ ಕಾಯಬೇಕಾಯಿತು.

“ಯೂಟ್ಯೂಬ್‌ನ್ಯಾಗ ನೋಡ್ದೆ.”

ಉಪೇಂದ್ರ ಯೂಟ್ಯೂಬ್‌ನಲ್ಲಿ ಹಳೇ ನಾಟಕದ ಹಾಡು ಬಿಟ್ಟು ಬೇರೇನೂ ನೋಡುವುದಿಲ್ಲ.

ಆಗಸ್ಟ್ 3, ಶನಿವಾರ

ಊಟ ಆಯಿತು. ಆದದ್ದನ್ನು ಆದಂತೆ ಬರೆಯುತ್ತೇನೆ.

ಕೌಂಟರು ಒಂದೇ ಉದ್ದನೆಯ ಮರದ ಹಲಗೆ. ಚೆಫ್ ಕಾಲಿಂಪಾಂಗ್‌ನವನು, ಹಿಂದಿ ಮಾತು. ನಾವಿಬ್ಬರೂ ನಡುವೆ. ಮೊದಲನೆಯದು ಬೆರಳುದ್ದದ ಅನ್ನ, ಮೇಲೆ ಮೀನು. ನನ್ನದನ್ನು ಬಲಕ್ಕೆ ಓರೆಯಾಗಿ ಇಟ್ಟ. ಉಪೇಂದ್ರನದನ್ನು ಎಡಕ್ಕೆ. ಕೈತಪ್ಪು ಅಂದುಕೊಂಡೆ. ಎರಡನೆಯದೂ ಹಾಗೇ. ಮೂರನೆಯದೂ. ಬಗ್ಗಿ ಕೌಂಟರಿನ ಉದ್ದಕ್ಕೂ ನೋಡಿದೆ — ಎಲ್ಲರದೂ ನನ್ನಂತೆ. ಅವನದೊಂದೇ ಬೇರೆ.

ಉಪೇಂದ್ರ ಬಲಗೈ ಮಣಿಕಟ್ಟನ್ನು ತಿರುಚಿ ಎತ್ತಿದ. ಅನ್ನ ಒಡೆದು ಬಿತ್ತು. ಉದುರಿದ್ದನ್ನು ಬೆರಳಲ್ಲಿ ಗುಡ್ಡೆ ಮಾಡಿ ತಿಂದ. ನನ್ನ ಕಡೆ ನೋಡಲಿಲ್ಲ.

ಅವನು ಕೈ ತೊಳೆಯಲು ಎದ್ದುಹೋದಾಗ ಚೆಫ್‌ನನ್ನು ಕೇಳಿದೆ, ಇವರದು ಯಾಕೆ ಉಲ್ಟಾ. ಮೀನು ಕೊಯ್ಯುತ್ತಲೇ ಹೇಳಿದ: “ಸಾಬ್ ಲೆಫ್ಟಿ ಹೈ ನಾ.” ಗಿರಾಕಿ ಯಾವ ಕೈ ಚಾಚುತ್ತಾನೆ ಎಂದು ನೋಡಿಕೊಂಡು, ಆ ಕೈಗೆ ಸರಿಯಾಗಿ ಇಡುವುದು ಅವರ ಪದ್ಧತಿಯಂತೆ. ಒಮ್ಮೆ ನೋಡಿದರೆ ಮರೆಯುವುದಿಲ್ಲವಂತೆ.

ಒಮ್ಮೆ ನೋಡಿದರೆ.

ಉಪೇಂದ್ರ ಎಡಚ ಎಂಬುದು ನನಗೆ ಗೊತ್ತು. ಕೇರಂ ಎಡಗೈಯಲ್ಲೇ ಆಡುತ್ತಾನೆ. ಊಟಕ್ಕೆ ಮಾತ್ರ ಬಲಗೈ. ಚಿಕ್ಕವನಿದ್ದಾಗ ಉಣ್ಣುವ ಹೊತ್ತಿಗೆ ಅವನ ಅಜ್ಜಿ ಎಡಗೈಯನ್ನು ಟವೆಲಿನಿಂದ ಬೆನ್ನಿಗೆ ಕಟ್ಟುತ್ತಿದ್ದರಂತೆ. ನನಗೊಬ್ಬನಿಗೇ ಹೇಳಿದ್ದ, ಕಾಲೇಜಿನಲ್ಲಿ. ಇಷ್ಟು ವರ್ಷದಲ್ಲಿ ಅವನು ಎಡಗೈಯಿಂದ ತಿಂದದ್ದನ್ನು ನಾನು ನೋಡಿಲ್ಲ. ಈ ಚೆಫ್ ನೋಡಿದ್ದಾನೆ. ಇದೇ ಕೌಂಟರಿನಲ್ಲಿ. ಇವತ್ತಿನ ಮೊದಲು.

ಆಟೋದಲ್ಲಿ ಬೆನ್ನಿಗೆ ಗುದ್ದಿ ಕೇಳಿದ: “ಹೆಂಗನಿಸ್ತಲೇ? ಇದೂ ಕೂಡೇ ಫಸ್ಟ್ ಟೈಮ್!”

“ಹೌದು” ಎಂದೆ.

ಆಗಸ್ಟ್ 5, ಸೋಮವಾರ

ಬೆಂಕಿಯ ಕ್ಲೇಮಿನಲ್ಲಿ ಮೊದಲ ಪ್ರಶ್ನೆ — ಎಲ್ಲಿ ಹತ್ತಿತು? ಹಿಂದಿನ ಪುಟ ತಿರುಗಿಸಿದೆ. ಜುಲೈ 6. ಹೊಟ್ಟೆ ಸರಿ ಇಲ್ಲ. ಟಿವಿಯ ನಗು. ಬಿಸ್ಕತ್ತು.

ಜೀರಿಗೆ ಮಜ್ಜಿಗೆ ಕುಡಿ ಎಂದಿದ್ದೆ. ಅದನ್ನೂ ಆ ಹುಡುಗ ಹೇಮಂತನಿಗೆ ಹೇಳಿ ನಕ್ಕಿರಬೇಕು.

ಸುಳ್ಳು ಹೇಳಿದ, ಸರಿ. ನಿಯಮ ಮುರಿದ, ಅದೂ ಸರಿ. ಮೂರು ತಿಂಗಳ ಹಿಂದೆ ಪರಿಚಯವಾದವನ ಪಕ್ಕದಲ್ಲಿ ಎಡಗೈ ಹೇಗೆ ಬಂತು? ಅದೊಂದು ಹೋಗುತ್ತಿಲ್ಲ.

ಇನ್ನು ಫೋನು ಎತ್ತುವುದಿಲ್ಲ.

ಸೆಪ್ಟೆಂಬರ್ 7, ಶನಿವಾರ

ಗಣೇಶ ಚವತಿ. ಮೊದಲ ಶನಿವಾರವೂ ಹೌದು. ಹಬ್ಬದ ನೆವ ಸಿಕ್ಕಿತು. ಉಪೇಂದ್ರ ವಾಟ್ಸಾಪಿನಲ್ಲಿ ಗಣಪತಿಯ ಚಿತ್ರ ಕಳಿಸಿದ. ಊರಿಗೆಲ್ಲ ಕಳಿಸಿದ್ದೇ. ನಾನೂ ಊರಿಗೆಲ್ಲ ಕಳಿಸಿದ್ದನ್ನೇ ಕಳಿಸಿದೆ.

ಶುಭಾ ಕಡುಬು ಬಡಿಸುತ್ತ: “ಅವರಿಗೂ ನಾಕು ಕೊಟ್ಟು ಬರ್ರಿ. ಹೆಂಡ್ತಿ ಕೂಡ ಜಗಳಾಡಿದ್ರ ನಾಕ ದಿನಕ್ಕ ಮಾತಾಡ್ತೀರಿ, ಇದೇನ್ರಿ ತಿಂಗಳಗಟ್ಟಲೆ?”

ಕೊಡಲಿಲ್ಲ. ಎಲ್ಲ ನಾನೇ ತಿಂದೆ. ಸಂಜೆ ಎದೆಯುರಿ.

ಸೆಪ್ಟೆಂಬರ್ 21, ಶನಿವಾರ

ಹೇಮಂತ ಆಫೀಸಿಗೇ ಬಂದ. ಕೇಳಿ ಹುಡುಕಿಕೊಂಡು. ಕೈಯಲ್ಲಿ ಮೈಸೂರ್ ಪಾಕು. ನಿಲ್ಲಿಸಿಯೇ ಮಾತಾಡಿಸಬೇಕೆಂದಿದ್ದೆ, ಕುರ್ಚಿ ಕೊಟ್ಟೆ. ಹುಡುಗ ಒಳ್ಳೆಯವನು. ಅದೇ ತೊಂದರೆ.

“ಸರ್, ನೀವು ಫೋನ್ ಎತ್ತಾ ಇಲ್ಲ, ಜುಲೈದು ಗೊತ್ತಾಗಿರ್ಬೇಕು ಅಂದ್ರು ಅಂಕಲ್. ತಪ್ಪು ನಂದು. ಜುಲೈನಲ್ಲಿ ನಾನೇ ಕರ್ಕೊಂಡ್ ಹೋಗಿದ್ದು. ರಿಹರ್ಸಲ್ ಸರ್, ಅಷ್ಟೇ. ಅಂಕಲ್‌ಗೆ ಭಯ. ‘ಹಸಿ ಮೀನು ಒಗ್ಗದೆ ಯಶವಂತನ ಎದುರಿಗೆ ವಾಂತಿ ಆಯ್ತೋ, ಇನ್ನೂ ಮೂವತ್ತು ವರ್ಷ ಹೇಳ್ಕೊಂಡ್ ತಿರುಗ್ತಾನೆ’ ಅಂದ್ರು.”

ಮೈಸೂರ್ ಪಾಕಿನ ಡಬ್ಬಿ ಪಕ್ಕಕ್ಕೆ ಸರಿಸಿದೆ. ಆಮೇಲೆ ಕೇಳಿದೆ:

“ಯಾವ ಕೈಲೆ ತಿಂದ?”

“ಸರ್?”

“ಕೈ. ಯಾವ ಕೈ?”

ಯೋಚಿಸಿದ. ನಿಜವಾಗಿಯೂ ಯೋಚಿಸಿದ. “ಗಮನಿಸ್ಲಿಲ್ಲ ಸರ್... ನಾನು ಅವರ ಎಡಗಡೆ ಕೂತಿದ್ದೆ. ಮೊಣಕೈ ತಾಗ್ತಾ ಇತ್ತು. ಹಾಗಾದ್ರೆ ಎಡಗೈನೇ ಇರ್ಬೇಕು. ಯಾಕೆ ಸರ್?”

ಗಮನಿಸಲಿಲ್ಲವಂತೆ! ನನಗೆ ಸಿಗದೇ ಹೋದದ್ದು ಇವನ ಮೊಣಕೈಗೆ ತಾಗುತ್ತಿತ್ತು. ಇವನು ಗಮನಿಸಲಿಲ್ಲ.

ಮೈಸೂರ್ ಪಾಕು ಆಫೀಸಿನವರಿಗೆ ಹಂಚಿಬಿಟ್ಟೆ. ಒಂದು ತಿಂದೆ. ಚೆನ್ನಾಗಿತ್ತು.

ಸೆಪ್ಟೆಂಬರ್ 29, ಭಾನುವಾರ

ಉಪೇಂದ್ರ ಮನೆಗೆ ಬಂದ. ಚಪ್ಪಲಿ ಬಿಡುತ್ತಲೇ ಶುಭಾಗೆ: “ವೈನಿ, ನಿಮ್ಮ ಯಜಮಾನ್ರು ನನಗ ಸೋಡಚೀಟಿ ಕೊಟ್ಟಾರೇನ್ರಿ?”

ವಿಚ್ಛೇದನದ ಮಾತಿಗೆ ಶುಭಾ ನಕ್ಕು ಚಹಾಕ್ಕೆ ಒಳಗೆ ಹೋದಳು. ನಾನು ನಗಲಿಲ್ಲ.

“ನಿಯಮ ಮುರದಿ.”

“ಮುರದೆ. ಏನ್ ಮಾಡ್ತಿ, ಜೇಲಿಗೆ ಹಾಕಸ್ತಿಯೇನು?”

“ಸುಳ್ಳು ಹೇಳಿದಿ.”

“ಹೇಳಿದೆ. ತಪ್ಪಾತು.”

“ಅವನ ಮುಂದ ಎಡಗೈಲೆ ತಿಂದಿ.”

ಅವನ ಮುಖದ ತಮಾಷೆ ಹೋಯಿತು. ತನ್ನ ಎಡಗೈಯನ್ನೇ ನೋಡಿಕೊಂಡ.

“ಬೇಕಂತ ಮಾಡಿದ್ದಲ್ಲಪಾ. ಕೈ ತಾನ ಹೋತು. ಅಲ್ಲಿ ನನ್ನ ವಿಚಾರ ಯಾರಿಗೂ ಗೊತ್ತಿದ್ದಿಲ್ಲ. ನೀ ಬಾಜೂಕ ಇದ್ರ...” ನಿಲ್ಲಿಸಿದ.

“ಇದ್ರ ಏನು?”

“ನೀ ಬಾಜೂಕ ಇದ್ರ ನಮ್ಮಜ್ಜಿನೂ ಬಂದು ಕುಂತಂಗ ಆಕ್ಕೈತೋ. ನಿನಗ ಎಲ್ಲಾ ಗೊತ್ತೈತಿ. ಎಲ್ಲಾ ನೆನಪಿಟ್ಟೀ. ನಾ ಹೊಸದಾಗಿ ಏನರ ಆಗಬೇಕಂದ್ರ ಜಾಗಾನ ಇಲ್ಲ.”

ಶುಭಾ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೂವರೂ ಕುಡಿದೆವು. ಅವನು ಹೊರಟಾಗ ಮೆಟ್ಟಿಲ ತನಕ ಹೋದೆ.

“ಮುಂದಿನ ಶನಿವಾರ?” ಎಂದ.

“ಅಲ್ಲೇ ಹೋಗೋಣು” ಎಂದೆ.

“ಹೇಮಂತಗೂ ಹೇಳ್ಲೇನು?”

ಬೇಡ ಎನ್ನಲು ಬಾಯಿ ತೆರೆದೆ. “ಹೇಳು” ಎಂದೆ.

ಅಕ್ಟೋಬರ್ 5, ಶನಿವಾರ

ಮೂರು ಸೀಟು. ಚೆಫ್ ಉಪೇಂದ್ರನನ್ನು ಎಡ ತುದಿಗೆ ಕೂರಿಸಿದ — ಮೊಣಕೈ ಯಾರಿಗೂ ತಾಗಬಾರದೆಂದು. ಅಂದರೆ ಅವನ ಪಕ್ಕ ಇರುವುದು ಒಂದೇ ಜಾಗ. ಹೇಮಂತ ಹಿಂದೆ ಸರಿದು, “ನೀವು ಕೂತ್ಕೊಳಿ ಸರ್” ಎಂದ. ಕೂತೆ. ಬಿಟ್ಟುಕೊಟ್ಟ ಜಾಗ ಎಂಬುದು ಚುಚ್ಚುತ್ತಲೇ ಇತ್ತು.

ಹಳೇ ದೋಸ್ತಿಯೇ ಎಂದು ಚೆಫ್ ಹಿಂದಿಯಲ್ಲಿ ಕೇಳಿದ. ಬಿರಿಯಾನಿ, ಮ್ಯಾನೇಜರ್, ಚಪ್ಪಲಿ — ಎಲ್ಲ ನಾಲಿಗೆಯ ತುದಿಗೆ ಬಂತು. ಉಪೇಂದ್ರ ಹೆಗಲು ಬಿಗಿ ಹಿಡಿದು ಕಾದ. “ಹೌದು, ಹಳೇ ದೋಸ್ತಿ” ಎಂದೆ. ಅಷ್ಟೇ. ಹೆಗಲು ಇಳಿಯಿತು.

ಮೊದಲ ತುತ್ತು ಬಂತು. ನನ್ನದು ಬಲಕ್ಕೆ, ಅವನದು ಎಡಕ್ಕೆ. ಅವನ ಎರಡೂ ಕೈ ತೊಡೆಯ ಮೇಲೆ. ನನ್ನನ್ನು ನೋಡಿದ. ನಾನು ತಟ್ಟೆಯ ಅಂಚಿನ ಶುಂಠಿ ನೋಡುತ್ತ ಕೂತೆ. ನೋಡದೆ ಇರುವುದು ಎಷ್ಟು ಕಷ್ಟದ ಕೆಲಸ. ಆ ಹುಡುಗನಿಗೆ ಅದು ಹಾಗೇ ಬರುತ್ತದೆ.

ಎಡಗೈ ಮೇಲೆ ಬಂತು. ಕಣ್ಣಂಚಿನಲ್ಲಿ ಕಂಡದ್ದು ಇಷ್ಟೇ. ಒಂದು ಅಗುಳೂ ಉದುರಲಿಲ್ಲ.

“ಏನ್ಲೇ, ಶುಂಠಿ ಸರ್ವೇ ನಡದೈತೇನು?” ಎಂದ, ತುಂಬಿದ ಬಾಯಲ್ಲೇ.

ಮೂವರೂ ನಕ್ಕೆವು. ಆಮೇಲೆ ಎಲ್ಲವನ್ನೂ ಅವನು ಎಡಗೈಯಿಂದಲೇ ತಿಂದ. ನನ್ನ ಮುಂದೆ ಮೊದಲ ಸಲ. ನನಗೆ ಗೊತ್ತಿದ್ದಂತೆ ಎರಡನೇ ಸಲ. ಮೊದಲನೆಯದು, ಆ ಹುಡುಗ ಪಕ್ಕದಲ್ಲೇ ಇದ್ದೂ ನೋಡದೆ — ಸಾಕು, ಇನ್ನು ಎಣಿಸುವುದಿಲ್ಲ.