ಹಿಟ್ಟು ನಾದುವಾಗ ಹುಟ್ಟಿದ ರಾಗ

ಒಡೆಸ್ಸಾ,
ಎಲೂಲ್ ತಿಂಗಳ 20, 1909

ಮುದ್ದಿನ ಮಗಳು ಹೆನ್ಯಾಳಿಗೆ,

ಅಪ್ಪನ ನೂರು ಆಶೀರ್ವಾದ. ನಿನ್ನ ಕಾಗದಕ್ಕೆ ಆರು ವಾರ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ನಿನ್ನ ಅಮ್ಮ ಆಗಲೇ ಸಾಕಷ್ಟು ಬೈದಿದ್ದಾಳೆ. ಮೊಮ್ಮಗನಿಗೆ ಹಲ್ಲು ಬಂದ ಸುದ್ದಿಯನ್ನು ನನ್ನ ಹಾಡಿನ ಮೇಳದವರಿಗೆಲ್ಲ ಓದಿ ಹೇಳಿದೆ.

ನಾವು ಸುಖವಾಗಿದ್ದೇವೆ. ಇಲ್ಲಿನ ಯೆಹೂದಿ ಸಭಾಮಂದಿರದಲ್ಲಿ ಪ್ರಾರ್ಥನೆ ಹಾಡಲು ನಿಂತು ಇಪ್ಪತ್ತೈದು ವರ್ಷವಾಯಿತೆಂದು ಕಳೆದ ವಾರ ನನಗೆ ಸನ್ಮಾನ ಮಾಡಿದರು. ಹೊರಡುವ ಮುಂಚೆ ಎಂದಿನಂತೆ ಹಸಿ ಮೊಟ್ಟೆ ಕುಡಿಯುತ್ತಿದ್ದೆ. "ರೀ, ನಿಮ್ಮ ಗಂಟಲಿನ ದೆಸೆಯಿಂದ ಈ ಊರಿನ ಕೋಳಿಗಳಿಗೆ ಮರಿ ಕಾಣೋ ಭಾಗ್ಯಾನೇ ಇಲ್ಲ," ಅಂದಳು ನಿನ್ನ ಅಮ್ಮ. ಅಂದರೂ ನನ್ನ ಟೋಪಿಯನ್ನು ಮೂರು ಸಲ ಸರಿಮಾಡಿ ಕಳಿಸಿದಳು.

ನಾನು ರಾಗ ಕಟ್ಟಿದ ಕೀರ್ತನೆಗಳನ್ನೇ ಮೇಳದವರು ಹಾಡಿದರು. ಕೊನೆಯದು ಶುಕ್ರವಾರದ ಸಬ್ಬತ್ ಸಂಜೆಯ ಕೀರ್ತನೆ, ಈಗ ಬೇರೆ ಊರುಗಳಲ್ಲೂ ಹಾಡುತ್ತಾರಂತೆ. ಮುಗಿದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮಂದ್ರದಲ್ಲಿ ಹಾಡುವ ನಮ್ಮ ದರ್ಜಿ ಗೆಡಾಲ್ಯ ಎದ್ದು ನಿಂತು, "ಗುರುಗಳೇ, ಇಪ್ಪತ್ತು ವರ್ಷದಿಂದ ನಿಮ್ಮ ಬೈಗುಳ ತಿಂದೋನು ನಾನು. ನಿಮ್ಮಂಥ ಸಿಡುಕನ ಹೊಟ್ಟೇಲಿ ಇಷ್ಟು ಮೆತ್ತನೆ ರಾಗ ಹೇಗೆ ಹುಟ್ಟಿತು ಅಂತ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಡುಗಳ ಪುಸ್ತಕ ಲೈಪ್ಜಿಗ್‌ನಲ್ಲಿ ಅಚ್ಚಾಗುತ್ತಿದೆ. ಕರಡು ಬಂದು ಮೇಜಿನ ಮೇಲಿದೆ. ಇದಕ್ಕಿಂತ ಹೆಚ್ಚು ನಾನು ಕೇಳಿದವನೇ ಅಲ್ಲ.

ಹೊಸ ವರ್ಷ ನಿಮಗೆಲ್ಲ ಸಿಹಿಯಾಗಿರಲಿ. ಮಗುವಿನ ಬೆರಳಿಗೆ ಜೇನು ಹಚ್ಚಿ ಚೀಪಲು ಕೊಡು.

ನಿನ್ನ ಅಪ್ಪ,
ಪಿನ್ಹಾಸ್

ಮರೆತ ಮಾತು: ಸುಳ್ಳು, ಮರೆತಿಲ್ಲ. ಇದನ್ನು ಬರೆಯಲಾರದೆಯೇ ಆರು ವಾರ ತಡವಾದದ್ದು. ನಿನಗಾಗ ಒಂಬತ್ತು ವರ್ಷ. ಒಂದು ಶುಕ್ರವಾರ ನೀನು ಮಣೆಯ ಮೇಲೆ ನಿಂತು, ಅಮ್ಮನ ಜೊತೆ ರೊಟ್ಟಿಯ ಹಿಟ್ಟು ನಾದುತ್ತಾ ಗುನುಗುತ್ತಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಕೂತು ಅದನ್ನು ಬರೆದುಕೊಂಡೆ. ಮೇಳ ಅದನ್ನು ಆ ಸಬ್ಬತ್ ಕೀರ್ತನೆಯಾಗಿ ಮೊದಲು ಹಾಡಿದ ದಿನ ನೀನು ಮಹಡಿಯ ಹೆಂಗಸರ ಸಾಲಿನಿಂದ ಓಡಿ ಬಂದು, "ಅಪ್ಪಾ, ಅದು ನಂದಲ್ವಾ?" ಎಂದೆ. "ಹೆಣ್ಣುಮಕ್ಕಳು ಗುನುಗಿದ್ದೆಲ್ಲ ರಾಗ ಆಗಲ್ಲ, ಹೋಗು," ಎಂದುಬಿಟ್ಟೆ ನಾನು. ಆಮೇಲೆ ನಮ್ಮ ಮನೆಯಲ್ಲಿ ನೀನು ಹಾಡಲೇ ಇಲ್ಲ.

ಪ್ರಾಯಶ್ಚಿತ್ತದ ದಿನ ಹತ್ತಿರ ಬಂತು. ಮನುಷ್ಯರಿಗೆ ಮಾಡಿದ ತಪ್ಪನ್ನು ಅವರಲ್ಲೇ ಕೇಳಿಕೊಳ್ಳದೆ ದೇವರೂ ಮನ್ನಿಸುವುದಿಲ್ಲ. ನನ್ನನ್ನು ಕ್ಷಮಿಸು. ಕ್ಷಮಿಸದಿದ್ದರೂ ಸರಿ, ಕರಡಿನಲ್ಲಿ ಆ ಹಾಡಿನ ಮೇಲಿದ್ದ ನನ್ನ ಹೆಸರು ಹೊಡೆದುಹಾಕಿ ನಿನ್ನದನ್ನು ಬರೆದಾಗಿದೆ. ನೀನು ಅಂದು ಕೇಳಿದ್ದಕ್ಕೆ ಈಗ ಹೇಳುತ್ತೇನೆ: ಹೌದು ಮಗಳೇ, ಅದು ನಿನ್ನದೇ.